ಲೇಹ್‌ಗೆ ಹೊರಟಿದ್ದೀರಾ? ಮೊದಲ ಎರಡು ದಿನ ಸುಮ್ಮನಿರಿ

ರಾತ್ರಿ ಬೆಂಗಳೂರು ಬಿಟ್ಟು ದಿಲ್ಲಿಯಲ್ಲಿ ವಿಮಾನ ಬದಲಿಸಿದರೆ ಬೆಳಗಿನ ತಿಂಡಿಯ ಹೊತ್ತಿಗೆ ಲೇಹ್‌ನಲ್ಲಿ ಇಳಿಯುತ್ತೀರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಲೇಹ್ ಪಟ್ಟಣ ಸುಮಾರು 3,500 ಮೀಟರ್, ಅಂದರೆ 11,500 ಅಡಿ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 1,930 ಮೀಟರ್ ಒಳಗಿದೆ. ಹಾಗಾಗಿ ಕರ್ನಾಟಕದ ಬೆಟ್ಟಗಳನ್ನೆಲ್ಲ ಹತ್ತಿ ಬಂದವರ ದೇಹಕ್ಕೂ ಇಂಥ ಎತ್ತರದ ಪರಿಚಯ ಇರುವುದಿಲ್ಲ. ಕುಮಾರಪರ್ವತ ಹತ್ತಿದ ಕಾಲಿನ ಬಲ ಅಲ್ಲಿ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಅದು ಎತ್ತರದ ಕಾಯಿಲೆಯನ್ನು ತಡೆಯುವುದಿಲ್ಲ.

ಇಂಗ್ಲಿಷಿನಲ್ಲಿ ಇದನ್ನು ಆಲ್ಟಿಟ್ಯೂಡ್ ಸಿಕ್‌ನೆಸ್ ಎನ್ನುತ್ತಾರೆ. ವೈದ್ಯರು ಚೀಟಿಯಲ್ಲಿ ಎಎಂಎಸ್ ಎಂದು ಬರೆಯುತ್ತಾರೆ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಇದು ಕಾಣಿಸಿಕೊಳ್ಳುತ್ತದೆ. ಕೇದಾರನಾಥ 3,583 ಮೀಟರ್, ಅಮರನಾಥ ಗುಹೆ 3,888, ಮಾನಸ ಸರೋವರ ಸುಮಾರು 4,590, ಸಿಕ್ಕಿಮ್‌ನ ಗುರುಡೊಂಗ್ಮಾರ್ ಸರೋವರ 5,000ಕ್ಕೂ ಹೆಚ್ಚು. ಇಲ್ಲಿ ಲೇಹ್‌ಗೆ ಹೇಳುವ ಮಾತು ಬಹುಮಟ್ಟಿಗೆ ಅಲ್ಲಿಗೂ ಸಲ್ಲುತ್ತದೆ. ಲೇಹ್ ಅನ್ನೇ ಹಿಡಿದುಕೊಂಡದ್ದಕ್ಕೆ ಕಾರಣವಿದೆ. ನಮ್ಮವರು ಹೆಚ್ಚಾಗಿ ವಿಮಾನದಲ್ಲಿ ಹೋಗಿ ಒಮ್ಮೆಲೇ ಅಷ್ಟು ಎತ್ತರದಲ್ಲಿ ಇಳಿಯುವ ಊರು ಅದು.

ಮೇಲೆ ಹೋದಾಗ ಏನಾಗುತ್ತದೆ?

'ಅಲ್ಲಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ' ಎನ್ನುತ್ತೇವೆ. ಲೆಕ್ಕ ಸ್ವಲ್ಪ ಬೇರೆ ಇದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಮಂಗಳೂರಿನ ಕಡಲತೀರದಲ್ಲೂ ಶೇಕಡ 21, ಲೇಹ್‌ನಲ್ಲೂ ಶೇಕಡ 21. ಬದಲಾಗುವುದು ಗಾಳಿಯ ಒತ್ತಡ. ಹತ್ತಿಯ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಡಿಯ ಹಾಸಿಗೆ ಅಮುಕಿಕೊಂಡು ದಟ್ಟವಾಗಿರುತ್ತದೆ, ಮೇಲಿನದು ಸಡಿಲವಾಗಿರುತ್ತದೆ. ಗಾಳಿಯೂ ಹಾಗೆಯೇ. ಮೇಲೆ ಹೋದಂತೆ ಅದು ತೆಳುವಾಗುತ್ತದೆ, ಒಂದು ಉಸಿರಿಗೆ ಒಳಗೆ ಬರುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಪಾಲು. 5,300 ಮೀಟರ್ ಮೀರಿದ ಖರ್ದುಂಗ್ ಲಾ ಕಣಿವೆದಾರಿಯಲ್ಲಿ ಹೆಚ್ಚುಕಡಿಮೆ ಅರ್ಧ. 'ಲಾ' ಎಂದರೆ ಲಡಾಖಿಗಳ ಮಾತಿನಲ್ಲಿ ಬೆಟ್ಟ ದಾಟುವ ಘಟ್ಟ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಉಸಿರಾಟ ಮತ್ತು ಎದೆಬಡಿತ ಕೂಡಲೇ ಹೆಚ್ಚುತ್ತವೆ. ಜಾಸ್ತಿ ಉಸಿರಾಡಿದಾಗ ರಕ್ತದಲ್ಲಿ ಕ್ಷಾರದ ಅಂಶ ಏರುತ್ತದೆ. ಅದನ್ನು ಸರಿಪಡಿಸುವ ಕೆಲಸ ಮೂತ್ರಪಿಂಡದ್ದು. ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಕೆಂಪು ರಕ್ತಕಣ ಹೆಚ್ಚಾಗಲು ವಾರಗಳೇ ಬೇಕು. ಈ ಹೊಂದಾಣಿಕೆಗೆ ಅಕ್ಲಿಮಟೈಸೇಶನ್ ಎನ್ನುತ್ತಾರೆ, ಅಂದರೆ ಆ ಜಾಗಕ್ಕೆ ಒಗ್ಗಿಕೊಳ್ಳುವುದು. ದೇಹ ಒಗ್ಗಿಕೊಳ್ಳುವ ವೇಗಕ್ಕಿಂತ ನಾವು ಹತ್ತುವ ವೇಗ ಹೆಚ್ಚಾದಾಗ ಕಾಯಿಲೆ ಬರುತ್ತದೆ. ಎತ್ತರಕ್ಕಿಂತ ಅವಸರವೇ ಇದರ ಮುಖ್ಯ ಕಾರಣ.

ಆದ್ದರಿಂದಲೇ ದಿನವೂ ಜಿಮ್‌ಗೆ ಹೋಗುವ ಇಪ್ಪತ್ತೈದರ ಹುಡುಗನಿಗೆ ತಲೆ ಸಿಡಿಯುತ್ತಿರುವಾಗ ಅವನ ಅಜ್ಜಿ ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಚಹಾ ಕುಡಿಯುತ್ತಿರಬಹುದು. ವಯಸ್ಸು, ಮೈಕಟ್ಟು, ವ್ಯಾಯಾಮ ಯಾವುದೂ ಇದಕ್ಕೆ ರಕ್ಷಣೆಯಲ್ಲ. ಹಿಂದೊಮ್ಮೆ ಎತ್ತರಕ್ಕೆ ಹೋದಾಗ ಬಂದಿದ್ದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಮುಂಚಿತವಾಗಿ ತಿಳಿಯಲು ಇರುವ ನಂಬಲರ್ಹ ಸುಳಿವು ಅದೊಂದೇ.

ಯಾವುದು ಸಾಮಾನ್ಯ, ಯಾವುದು ಅಪಾಯ?

ತಲುಪಿದ ಆರರಿಂದ ಹನ್ನೆರಡು ಗಂಟೆಯ ಒಳಗೆ ತಲೆನೋವು ಶುರುವಾಗಬಹುದು. ಜೊತೆಗೆ ವಾಕರಿಕೆ, ಊಟ ಬೇಡವಾಗುವುದು, ತಲೆಸುತ್ತು, ವಿಪರೀತ ಸುಸ್ತು. ಕುಡಿದ ಮರುದಿನದ ತಲೆಭಾರದ ಹಾಗೆಯೇ ಇರುತ್ತದೆ ಎಂದು ವೈದ್ಯರೇ ಹೇಳುವುದುಂಟು. ಇದು ಕಾಯಿಲೆಯ ಸೌಮ್ಯ ರೂಪ. ಅಲ್ಲೇ ನಿಂತು ವಿಶ್ರಾಂತಿ ತೆಗೆದುಕೊಂಡರೆ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಬೆಳಿಗ್ಗೆ ಇಳಿದವರು 'ನನಗೇನೂ ಆಗಿಲ್ಲ' ಎಂದು ಮಧ್ಯಾಹ್ನವೇ ಪೇಟೆ ಸುತ್ತಲು ಹೊರಡುತ್ತಾರೆ, ರಾತ್ರಿ ಹಾಸಿಗೆ ಹಿಡಿಯುತ್ತಾರೆ. ಕಾಯಿಲೆ ತಡವಾಗಿ ಬರುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ರಾತ್ರಿ ಇನ್ನೊಂದು ಸಂಗತಿ ಹೆದರಿಸುತ್ತದೆ. ಪಕ್ಕದಲ್ಲಿ ಮಲಗಿದವರ ಉಸಿರು ಕೆಲವು ಸೆಕೆಂಡು ನಿಂತೇಹೋದಂತಾಗಿ, ಮತ್ತೆ ಜೋರಾಗಿ ಶುರುವಾಗುತ್ತದೆ. ಎತ್ತರದಲ್ಲಿ ಇದು ಮಾಮೂಲು. ಅವರು ಹಗಲು ಚೆನ್ನಾಗಿದ್ದರೆ ಇದಕ್ಕೆ ಗಾಬರಿ ಬೇಡ.

ಗಾಬರಿಯಾಗಬೇಕಾದವು ಎರಡು. ಮೊದಲನೆಯದು ಶ್ವಾಸಕೋಶದಲ್ಲಿ ನೀರು ತುಂಬುವುದು. ವೈದ್ಯರು ಇದನ್ನು ಹೇಪ್ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದ ನಡುವೆ, ಬಹಳ ಸಲ ರಾತ್ರಿಯೇ, ಕಾಣಿಸುತ್ತದೆ. ಮೆಟ್ಟಿಲು ಹತ್ತಿದಾಗ ಏದುಸಿರು ಬಂದರೆ ಚಿಂತೆ ಇಲ್ಲ, ಎಲ್ಲರಿಗೂ ಬರುತ್ತದೆ. ಸುಮ್ಮನೆ ಕುಳಿತಾಗಲೂ ಏದುಸಿರು ನಿಲ್ಲದಿದ್ದರೆ, ಒಣ ಕೆಮ್ಮು ಹತ್ತಿದರೆ, ತುಟಿ ಉಗುರು ನೀಲಿಯಾದರೆ, ಕಫ ಗುಲಾಬಿ ನೊರೆಯಾಗಿ ಬಂದರೆ ಅದು ಹೇಪ್. ತಲೆನೋವೇ ಇಲ್ಲದೆಯೂ ಇದು ಬರಬಹುದು. ಇದನ್ನು 'ಶೀತ ಆಗಿದೆ, ಎದೆಗೆ ವಿಕ್ಸ್ ಹಚ್ಚಿ ಮಲಗಿಸಿ' ಎಂದು ತಳ್ಳಿಹಾಕಿದರೆ ಬೆಳಗಾಗುವುದರೊಳಗೆ ಜೀವ ಹೋಗಬಹುದು.

ಎರಡನೆಯದು ಮಿದುಳು ಊದಿಕೊಳ್ಳುವುದು, ಹೇಸ್. ಮಾತು ತೊದಲುತ್ತದೆ, ಗೊಂದಲವಾಗುತ್ತದೆ, ಕುಡಿದವರಂತೆ ಓಲಾಡುತ್ತಾರೆ. ಪರೀಕ್ಷೆ ಸುಲಭ. ನೆಲದ ಮೇಲೆ ಒಂದು ನೇರ ಗೆರೆ ಅಂದುಕೊಳ್ಳಿ. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ ಆ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ. ಓಲಾಡಿದರೆ ಅಥವಾ ಬಿದ್ದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಚಿಕ್ಕ ಮಕ್ಕಳು ತಲೆನೋವು ಎಂದು ಹೇಳಲಾರರು. ಕಾರಣವಿಲ್ಲದೆ ಅಳುವುದು, ಊಟ ಬಿಡುವುದು, ಆಟ ಬಿಟ್ಟು ಮಂಕಾಗಿ ಕೂರುವುದು, ಇವೇ ಅವರ ಲಕ್ಷಣ.

ಸೈನ್ಯದ ಲೆಕ್ಕವೇ ಬೇರೆ

ಈ ಕಾಯಿಲೆಯ ಬಗ್ಗೆ ಜಗತ್ತು ಕಲಿತದ್ದರಲ್ಲಿ ದೊಡ್ಡ ಪಾಲು ನಮ್ಮ ಸೈನಿಕರಿಂದ ಬಂದದ್ದು. 1962ರ ಚೀನಾ ಯುದ್ಧದ ಹೊತ್ತಿಗೆ ಬಯಲುಸೀಮೆಯ ಯೋಧರನ್ನು ಏಕಾಏಕಿ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು. ಅನೇಕರು ಗುಂಡು ತಗುಲದೆಯೇ ಕಾಯಿಲೆ ಬಿದ್ದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಇಂಥ ಸಾವಿರಾರು ಸೈನಿಕರನ್ನು ನೋಡಿ 1960ರ ದಶಕದಲ್ಲಿ ಬರೆದ ಪ್ರಬಂಧಗಳನ್ನು ಇಂದಿಗೂ ವೈದ್ಯರು ಉಲ್ಲೇಖಿಸುತ್ತಾರೆ.

ಅಲ್ಲಿಂದ ಬಂದ ನಿಯಮವನ್ನು ಸೈನ್ಯ ಕಟ್ಟುನಿಟ್ಟಾಗಿ ಪಾಲಿಸುತ್ತದೆ. 9,000ದಿಂದ 12,000 ಅಡಿಯ ನಡುವೆ ಆರು ದಿನ. ಆಮೇಲೆ 15,000 ಅಡಿಯವರೆಗೆ ನಾಲ್ಕು ದಿನ. ಅದಕ್ಕೂ ಮೇಲೆ ಹೋಗುವುದಾದರೆ ಮತ್ತೆ ನಾಲ್ಕು ದಿನ. ಆರು ದಿನಗಳಲ್ಲಿ ಮೊದಲೆರಡು ಪೂರ್ತಿ ವಿಶ್ರಾಂತಿ. ಗಟ್ಟಿಮುಟ್ಟಾದ ಜವಾನರಿಗೆ ಇಷ್ಟು ಸಮಯ. ನಮ್ಮ ಟೂರ್ ಪ್ಯಾಕೇಜುಗಳಲ್ಲಿ ಮೊದಲ ದಿನ ಲೇಹ್, ಎರಡನೇ ದಿನವೇ ಖರ್ದುಂಗ್ ಲಾ ದಾಟಿ ನುಬ್ರಾ ಕಣಿವೆ, ಮೂರನೇ ದಿನ ಪ್ಯಾಂಗಾಂಗ್ ಸರೋವರ. ಇಂಥ ಪಟ್ಟಿ ಕೊಟ್ಟವರಿಗೆ ಮುಂಗಡ ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ.

ತಡೆಯುವುದು ಹೇಗೆ?

ಟೂರ್‌ನವರು ಕೊಟ್ಟ ಪಟ್ಟಿಯನ್ನು ಕೈಗೆತ್ತಿಕೊಳ್ಳಿ. ನೋಡುವ ಜಾಗಗಳನ್ನು ಸದ್ಯಕ್ಕೆ ಬಿಡಿ. ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ, ಆ ಊರಿನ ಎತ್ತರ ಎಷ್ಟು ಎಂದು ಪಕ್ಕದಲ್ಲಿ ಬರೆಯಿರಿ. ಹಗಲು ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಎಂಬುದಕ್ಕಿಂತ ರಾತ್ರಿ ಮಲಗುವ ಎತ್ತರ ಮುಖ್ಯ. 3,000 ಮೀಟರ್ ದಾಟಿದ ಮೇಲೆ ಇದು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಅಲ್ಲೇ ಇನ್ನೊಂದು ರಾತ್ರಿ ನಿಲ್ಲಬೇಕು.

ವಿಮಾನದಲ್ಲಿ ಹೋಗುವವರು ಈ ನಿಯಮವನ್ನು ಮೊದಲ ದಿನವೇ ಮುರಿದಿರುತ್ತಾರೆ. ಅದಕ್ಕೆ ತೆರಬೇಕಾದದ್ದು ಲೇಹ್‌ನಲ್ಲಿ 48 ಗಂಟೆಯ ವಿಶ್ರಾಂತಿ. ಲಡಾಖ್ ಆಡಳಿತವೂ ಇದನ್ನೇ ಹೇಳುತ್ತದೆ. ವಿಶ್ರಾಂತಿ ಎಂದರೆ ಹಾಸಿಗೆಯಲ್ಲೇ ಬಿದ್ದಿರುವುದಲ್ಲ. ಮೊದಲ ದಿನ ಕೋಣೆಯಲ್ಲಿರಿ. ಎರಡನೇ ದಿನ ಪೇಟೆಯಲ್ಲಿ ನಿಧಾನವಾಗಿ ಅಡ್ಡಾಡಿ. ಶಾಂತಿ ಸ್ತೂಪದ ಮೆಟ್ಟಿಲುಗಳನ್ನು ಓಡಿ ಹತ್ತುವ ಪಂದ್ಯ ಬೇಡ. ಮೂರನೇ ದಿನ ನುಬ್ರಾ ಕಣಿವೆಗೆ ಹೋಗಬಹುದು. ಖರ್ದುಂಗ್ ಲಾ ದಾಟಿದರೂ ನುಬ್ರಾದ ಹುಂಡರ್, ಡಿಸ್ಕಿತ್ ಲೇಹ್‌ಗಿಂತ ಕೆಳಗೆ, ಸುಮಾರು 3,100 ಮೀಟರಿನಲ್ಲಿವೆ. ಅಲ್ಲಿ ಮಲಗುವುದು ಒಳ್ಳೆಯದು. ಘಟ್ಟದ ತುದಿಯಲ್ಲಿ ಮಾತ್ರ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಪ್ಯಾಂಗಾಂಗ್ ಸುಮಾರು 4,250 ಮೀಟರ್. ಅದನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ.

ಲಡಾಖ್‌ನ ಹಾನ್ಲೆಗೆ ಹೋಗುವ ಆಸೆ ಈಚೆಗೆ ಹೆಚ್ಚಾಗಿದೆ. ಅಲ್ಲಿಯ ಖಗೋಳ ವೀಕ್ಷಣಾಲಯ 4,500 ಮೀಟರ್ ಎತ್ತರದಲ್ಲಿದೆ. ಅದನ್ನು ಕಟ್ಟಿದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಯ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಪ್ರವಾಸಿಗರಿಗೆ ಆ ಅನುಕೂಲವಿಲ್ಲ. ಲೇಹ್ ಮತ್ತು ನುಬ್ರಾದಲ್ಲಿ ನಾಲ್ಕೈದು ರಾತ್ರಿ ಕಳೆಯದೆ ಅತ್ತ ಹೋಗಬೇಡಿ.

ರಸ್ತೆಯಲ್ಲಿ ಹೋದರೆ ಒಳ್ಳೆಯದಲ್ಲವೇ? ಶ್ರೀನಗರದ ದಾರಿಯಾದರೆ ಹೌದು. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ 2,700, ಆಮೇಲೆ ಲೇಹ್. ಮೆಟ್ಟಿಲು ಮೆಟ್ಟಿಲಾಗಿ ಏರಿದಂತಾಗುತ್ತದೆ. ಮನಾಲಿಯ ದಾರಿ ಹಾಗಲ್ಲ. 2,000 ಮೀಟರಿನ ಮನಾಲಿಯಿಂದ ಹೊರಟ ಬೈಕಿನವರು ಅದೇ ರಾತ್ರಿ ಸರ್ಚುವಿನ ಡೇರೆಗಳಲ್ಲಿ ಮಲಗುತ್ತಾರೆ. ಸರ್ಚು 4,200 ಮೀಟರಿಗೂ ಮೇಲಿದೆ. ಲೇಹ್‌ಗಿಂತಲೂ ಎತ್ತರ! ಆ ರಾತ್ರಿ ಕೇಲಾಂಗ್‌ನಲ್ಲೋ ಜಿಸ್ಪಾದಲ್ಲೋ ಉಳಿದು, ಮರುದಿನ ನಸುಕಿಗೇ ಎದ್ದು ಹೊರಡುವುದು ಜಾಣತನ.

ಕುಡಿಯುವ ನೀರು ಎಷ್ಟಿರಬೇಕು? ಒಣಹವೆಯಾದ್ದರಿಂದ ಬಾಯಾರಿಕೆ ಹೆಚ್ಚು, ಅದಕ್ಕೆ ತಕ್ಕಷ್ಟು ಕುಡಿಯಿರಿ. ಐದಾರು ಲೀಟರ್ ಬಲವಂತವಾಗಿ ಕುಡಿದರೆ ಕಾಯಿಲೆ ಬರುವುದಿಲ್ಲ ಎಂಬುದು ತಪ್ಪು ನಂಬಿಕೆ. ಮದ್ಯ ಮತ್ತು ನಿದ್ರೆಮಾತ್ರೆ ಉಸಿರಾಟವನ್ನು ನಿಧಾನಗೊಳಿಸುತ್ತವೆ. ಮೊದಲ ದಿನಗಳಲ್ಲಿ ಎರಡೂ ಬೇಡ. ಕಾಫಿ? ಬಿಡಬೇಡಿ. ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿಯವರು ಒಮ್ಮೆಲೇ ನಿಲ್ಲಿಸಿದರೆ ಅದಕ್ಕೇ ತಲೆನೋವು ಬರುತ್ತದೆ. ಆಮೇಲೆ ಅದು ಎತ್ತರದ್ದೋ ಕಾಫಿಯದ್ದೋ ತಿಳಿಯದೆ ಒದ್ದಾಡಬೇಕಾಗುತ್ತದೆ. ಡಿಕಾಕ್ಷನ್ ಪುಡಿ ಚೀಲದಲ್ಲಿರಲಿ.

ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಮೂಸುತ್ತ ಕೇದಾರನಾಥ ಹತ್ತುವವರನ್ನು ನೋಡಿರುತ್ತೀರಿ. ಅದರ ಘಾಟಿಗೆ ಮೂಗು ಬಿಟ್ಟಂತೆ ಅನಿಸುತ್ತದೆ, ಅಷ್ಟೆ. ರಕ್ತದ ಆಮ್ಲಜನಕ ಅದರಿಂದ ಏರುವುದಿಲ್ಲ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಕರ್ಪೂರ ನುಂಗಿದರೆ ವಿಷ.

ಡೈಮಾಕ್ಸ್ ಮಾತ್ರೆ

ತಡೆಗೆ ಬಳಸುವ ಮುಖ್ಯ ಔಷಧ ಅಸೆಟಜೋಲಮೈಡ್. ಡೈಮಾಕ್ಸ್ ಎಂಬುದು ಅದರ ಹೆಸರುವಾಸಿ ಬ್ರ್ಯಾಂಡ್. ಮೂಲತಃ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡಕ್ಕೆ ಕೊಡುವ ಮಾತ್ರೆ. ಹಾಗಾಗಿ ಮೆಡಿಕಲ್ ಶಾಪಿನವರು 'ಕಣ್ಣಿಗಾ?' ಎಂದು ಕೇಳಿದರೆ ಅಚ್ಚರಿಪಡಬೇಡಿ. ಇದು ಮೂತ್ರಪಿಂಡದ ಕೆಲಸವನ್ನು ಚುರುಕುಗೊಳಿಸುತ್ತದೆ. ರಕ್ತದ ಕ್ಷಾರ ಬೇಗ ಹೊರಹೋಗಿ ಉಸಿರಾಟ ಹೆಚ್ಚುತ್ತದೆ. ಮೂರು ದಿನದಲ್ಲಿ ಆಗಬೇಕಾದ ಒಗ್ಗಿಕೆ ಬೇಗ ಆಗುತ್ತದೆ.

ದೊಡ್ಡವರಿಗೆ ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ, ಬೆಳಿಗ್ಗೆ ಒಂದು, ಸಂಜೆ ಒಂದು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ 250ರ ಮಾತ್ರೆ, ಅರ್ಧ ಮಾಡಿಕೊಳ್ಳಬೇಕು. ಹೊರಡುವ ಹಿಂದಿನ ದಿನ ಶುರುಮಾಡಿ, ಮೇಲೆ ತಲುಪಿದ ನಂತರ ಎರಡು ದಿನ ಮುಂದುವರಿಸುತ್ತಾರೆ. ಬೆರಳ ತುದಿ, ತುಟಿ ಜುಮುಜುಮು ಎನ್ನುತ್ತವೆ. ಮೂತ್ರ ಹೆಚ್ಚು ಹೋಗುತ್ತದೆ. ಸೋಡಾ ರುಚಿ ಕೆಡುತ್ತದೆ. ಮೂರೂ ನಿರುಪದ್ರವಿ. ಇದು ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಔಷಧ, ಮತ್ತು ಆ ನಿಯಮಕ್ಕೆ ಅರ್ಥವಿದೆ. ಸಲ್ಫಾ ಔಷಧ ಆಗದವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ತಾವಾಗಿ ನುಂಗಬಾರದು. ಮಕ್ಕಳ ಪ್ರಮಾಣ ತೂಕದ ಮೇಲೆ ನಿರ್ಧಾರವಾಗುತ್ತದೆ.

'ಈ ಮಾತ್ರೆ ಲಕ್ಷಣಗಳನ್ನು ಮುಚ್ಚಿಡುತ್ತದಂತೆ, ನಿಜವೇ?' ಇಲ್ಲ. ಮುಚ್ಚಿಡುವುದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಅದು ಮಿದುಳು ಊದಿದಾಗ ಜೀವ ಉಳಿಸುತ್ತದೆ, ಆದರೆ ಒಗ್ಗಿಸುವುದಿಲ್ಲ. ಅದನ್ನು ತಿಂದು ಮೇಲೆ ಹತ್ತುವುದು ಅಪಾಯ.

ಹೃದಯ, ಶ್ವಾಸಕೋಶದ ಕಾಯಿಲೆ ಇರುವವರು ಟಿಕೆಟ್ ತೆಗೆಯುವ ಮೊದಲೇ ತಮ್ಮ ವೈದ್ಯರನ್ನು ಕಾಣಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು.

ಖರ್ಚು ಎಷ್ಟು, ಯಾವುದಕ್ಕೆ?

ಅಸೆಟಜೋಲಮೈಡ್ ಮಾತ್ರೆ ಒಂದಕ್ಕೆ ಕೆಲವೇ ರೂಪಾಯಿ. ಪಲ್ಸ್ ಆಕ್ಸಿಮೀಟರ್ ಕೊರೊನಾ ಕಾಲದಲ್ಲಿ ಕೊಂಡದ್ದು ಮನೆಯಲ್ಲೇ ಇರಬಹುದು, ಅದಕ್ಕೆ ಹೊಸ ಬ್ಯಾಟರಿ ಹಾಕಿ ಒಯ್ಯಿರಿ. ಒಂದು ಎಚ್ಚರಿಕೆ: ಆಗ 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಓಡಿ ಎಂದು ಕಲಿತಿದ್ದೇವೆ. ಲೇಹ್‌ನಲ್ಲಿ ಮೊದಲ ದಿನ ಆರೋಗ್ಯವಂತರಿಗೂ 85ರಿಂದ 90ರ ಆಸುಪಾಸು ತೋರಿಸುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ತಪ್ಪು ಅಂಕಿ ಬರುತ್ತದೆ. ಅಂಕಿಗಿಂತ ಮನುಷ್ಯನನ್ನು ನೋಡಿ. ಜೊತೆಗಿದ್ದವರಿಗೆಲ್ಲ 87 ಇದ್ದು ಒಬ್ಬರಿಗೆ ಮಾತ್ರ 72 ಬಂದು, ಅವರಿಗೆ ಏದುಸಿರೂ ಇದ್ದರೆ ಅದು ಸುಳಿವು.

ಡಿಯೋಡರೆಂಟ್ ಡಬ್ಬಿಯಂತೆ ಕಾಣುವ ಆಕ್ಸಿಜನ್ ಕ್ಯಾನುಗಳ ಮೇಲೆ ನನಗೆ ಗೌರವವಿಲ್ಲ. ಹತ್ತು ಲೀಟರ್ ಎಂದು ಬರೆದ ಡಬ್ಬಿ ನಿಮಿಷಕ್ಕೆ ಎರಡು ಲೀಟರ್ ಲೆಕ್ಕದಲ್ಲಿ ಐದು ನಿಮಿಷಕ್ಕೆ ಖಾಲಿ. ರೋಗಿಗೆ ಬೇಕಾಗುವುದು ಗಂಟೆಗಟ್ಟಲೆ ಆಮ್ಲಜನಕ. ವಿಮಾನದಲ್ಲೂ ಅವುಗಳನ್ನು ಬಿಡುವುದಿಲ್ಲ. ಅದೇ ದುಡ್ಡಿಗೆ ಲೇಹ್‌ನಲ್ಲಿ ಇನ್ನೊಂದು ರಾತ್ರಿ ಉಳಿಯಿರಿ. ಕೋಣೆ ಕಾಯ್ದಿರಿಸುವಾಗ ಹೋಟೆಲಿನಲ್ಲಿ ದೊಡ್ಡ ಆಕ್ಸಿಜನ್ ಸಿಲಿಂಡರ್ ಇದೆಯೇ ಎಂದು ಕೇಳಿ. ಪ್ರವಾಸ ವಿಮೆ ಮಾಡಿಸುವುದಾದರೆ ಎಷ್ಟು ಎತ್ತರದವರೆಗೆ ಅನ್ವಯಿಸುತ್ತದೆ ಎಂಬ ಸಾಲನ್ನು ಓದಿ ಸಹಿ ಹಾಕಿ. ನೇಪಾಳದ ಎವರೆಸ್ಟ್ ಬೇಸ್ ಕ್ಯಾಂಪ್ ಕಡೆ ಹೋಗುವವರಿಗಂತೂ ಇದು ಬಹಳ ಮುಖ್ಯ. ಅಲ್ಲಿ ಹೆಲಿಕಾಪ್ಟರ್ ಕರೆಸಿದರೆ ಲಕ್ಷಗಳ ಲೆಕ್ಕ.

ಬಂದೇಬಿಟ್ಟರೆ?

ಬರೀ ತಲೆನೋವು, ವಾಕರಿಕೆಯಾದರೆ ಇದ್ದಲ್ಲೇ ಇರಿ. ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಗಂಜಿಯೋ ಸೂಪೋ ಕುಡಿಯಿರಿ. ಪೂರ್ತಿ ವಾಸಿಯಾಗುವವರೆಗೆ ಇನ್ನೂ ಮೇಲಕ್ಕೆ ಹೋಗಬೇಡಿ. ಗುಂಪಿನವರು ಕಾಯುತ್ತಿದ್ದಾರೆ, ಟ್ಯಾಕ್ಸಿಗೆ ದುಡ್ಡು ಕೊಟ್ಟಾಗಿದೆ ಎಂಬ ಸಂಕೋಚಕ್ಕೆ ಮಣಿಯಬೇಡಿ. ಕಾಯಿಲೆಯವರನ್ನು ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಉಳಿದವರು ಸುತ್ತಲು ಹೋಗಲೂಬಾರದು. ಗೊಂದಲ ಶುರುವಾದರೆ ಅವರಿಗೆ ತಾವು ಕಾಯಿಲೆಯಲ್ಲಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಹೇಪ್, ಹೇಸ್ ಲಕ್ಷಣ ಕಂಡರೆ ಮುಖ್ಯ ಚಿಕಿತ್ಸೆ ಎರಡು: ಆಮ್ಲಜನಕ ಮತ್ತು ಕೆಳಗಿಳಿಯುವುದು. ಕೇದಾರನಾಥದಲ್ಲಾದರೆ ಗೌರಿಕುಂಡದ ಕಡೆ ಇಳಿದಷ್ಟೂ ಸುಧಾರಿಸುತ್ತದೆ. ಲಡಾಖ್‌ನಲ್ಲಿ ಒಂದು ತೊಡಕಿದೆ, ಇದನ್ನು ಟೂರ್‌ನವರು ಹೇಳುವುದಿಲ್ಲ. ಪ್ಯಾಂಗಾಂಗ್‌ನಿಂದ ಲೇಹ್‌ಗೆ ಇಳಿಯಬೇಕಾದರೆ ಮೊದಲು 5,300 ಮೀಟರ್ ಮೀರಿದ ಚಾಂಗ್ ಲಾ ಹತ್ತಬೇಕು. ನುಬ್ರಾದಿಂದ ಬರಲು ಖರ್ದುಂಗ್ ಲಾ. ಲೇಹ್‌ನಿಂದ ಮನಾಲಿಗೆ, ಶ್ರೀನಗರಕ್ಕೆ ಹೋಗುವ ಹೆದ್ದಾರಿಗಳೂ ಎತ್ತರದ ಘಟ್ಟಗಳನ್ನು ಹತ್ತಿಯೇ ಇಳಿಯುತ್ತವೆ. ಕಾಯಿಲೆಯವರನ್ನು ಹಾಗೆ ಹತ್ತಿಸುವಾಗ ವಾಹನದಲ್ಲಿ ಆಕ್ಸಿಜನ್ ಇರಲೇಬೇಕು. ಪ್ಯಾಂಗಾಂಗ್ ಕಡೆ ಇರುವವರು ಮೊದಲು ದಾರಿಯಲ್ಲಿ ಸಿಗುವ ತಾಂಗ್ತ್ಸೆಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ಸೇನೆಯ ನೆಲೆ ಕಂಡರೆ ಅಲ್ಲೂ ನೆರವು ಕೇಳಿ.

ಲೇಹ್‌ನಲ್ಲಿ ಸೋನಮ್ ನೋರ್ಬು ಸ್ಮಾರಕ ಸರ್ಕಾರಿ ಆಸ್ಪತ್ರೆ ಇದೆ. ಎಲ್ಲರೂ ಎಸ್‌ಎನ್‌ಎಂ ಎನ್ನುತ್ತಾರೆ, ಯಾವ ಟ್ಯಾಕ್ಸಿಯವರಿಗಾದರೂ ಗೊತ್ತು. ಈ ಕಾಯಿಲೆಯ ಪ್ರವಾಸಿಗರನ್ನು ನೋಡಿ ಪಳಗಿದ ವೈದ್ಯರು ಅಲ್ಲಿದ್ದಾರೆ. ಲೇಹ್‌ನಿಂದ ಬೇಗ ಕೆಳಗಿಳಿಯುವ ಮಾರ್ಗ ವಿಮಾನವೇ. ಆದರೆ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತು ಮಾತ್ರ ಹಾರುತ್ತವೆ. ಸಂಜೆ ಕೆಮ್ಮು ಶುರುವಾದರೆ ನಾಳೆಯ ವಿಮಾನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.

'ಹೋದ ವರ್ಷ ಹೋಗಿಬಂದಿದ್ದೆ, ಈ ಸಲ ವಿಶ್ರಾಂತಿ ಬೇಕಿಲ್ಲ ಅಲ್ಲವೇ?' ಬೇಕು. ಬಯಲಿಗೆ ಬಂದ ಕೆಲವೇ ವಾರಗಳಲ್ಲಿ ದೇಹ ಆ ಒಗ್ಗಿಕೆಯನ್ನು ಕಳೆದುಕೊಂಡಿರುತ್ತದೆ.

ಕೊನೆಗೊಂದು ಸಣ್ಣ ವಿಷಯ. ಕರ್ನಾಟಕದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ. ಆಂಬುಲೆನ್ಸ್ ಕರೆಯಬೇಕಾದ ರಾತ್ರಿ ಅದು ಗೊತ್ತಾದರೆ ಪ್ರಯೋಜನವಿಲ್ಲ. ಗುಂಪಿನಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಸಂಪರ್ಕ ಇರಲಿ. ಹೋಟೆಲ್, ಟ್ಯಾಕ್ಸಿ ಮತ್ತು ಆಸ್ಪತ್ರೆಯ ಸಂಖ್ಯೆಗಳನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.